ನಮ್ಮ ಶಾಲೆಯ ಬೀರುವಿನಲ್ಲಿರುವ ತಾಮ್ರದ ಕಲ್ಲುಗಳು

ಸುವರ್ಣ ಮಹೋತ್ಸವ ಸಮಿತಿಯ ಗೆಳೆಯರು ಕಳೆದ ತಿಂಗಳು ಫೋನ್ ಮಾಡಿದ್ದರು. "ವಿಜ್ಞಾನದ ಕೊಠಡಿಯ ಹಳೆ ಬೀರು ತೆಗೆಸಿದ್ವಿ. ಒಳಗೆ ತಾಮ್ರದ ಅದಿರಿನ ಕಲ್ಲುಗಳು ಹಂಗೇ ಇದಾವೆ. ವಸ್ತುಪ್ರದರ್ಶನದಲ್ಲಿ ಇಡೋಣ ಅಂತ. ನೀವು ಹೆಂಗೂ ಇತಿಹಾಸದ ಮೇಷ್ಟ್ರು, ನಾಲ್ಕು ಸಾಲು ಬರೆದುಕೊಡಿ, ಬೋರ್ಡು ಬರೆಸ್ತೀವಿ" ಎಂದರು. ಬೋರ್ಡಿನ ತಲೆಬರಹವನ್ನು ಅವರೇ ಸಿದ್ಧ ಮಾಡಿಟ್ಟುಕೊಂಡಿದ್ದರು: "ಶಾತವಾಹನರ ಕಾಲದ ಇಂಗಳದಾಳ್ ಗಣಿಯ ತಾಮ್ರದ ಅದಿರು." ಕೇಳಲು ಚೆನ್ನಾಗಿದೆ. ಊರಿಗೂ ಹೆಮ್ಮೆ, ಶಾಲೆಗೂ ಹೆಮ್ಮೆ. ಆದರೆ ಅದರ ಕೆಳಗೆ ನಾನು ಹೆಸರು ಹಾಕಲಾರೆ. ಯಾಕೆ ಎಂದು ಫೋನಿನಲ್ಲಿ ಹೇಳಲು ಆಗಲಿಲ್ಲ. ನಾಲ್ಕು ಸಾಲಿನ ಬದಲು ಈ ಲೇಖನವನ್ನೇ ಬರೆದುಕೊಡುತ್ತಿದ್ದೇನೆ.

ನಾನು ಈ ಶಾಲೆಗೆ ಎಂಟನೆಯ ತರಗತಿಗೆ ಸೇರಿದ್ದು 1981ರ ಜೂನ್‌ನಲ್ಲಿ. ಆಗ ಎರಡು ಹೆಂಚಿನ ಕೊಠಡಿ, ಒಂದು ಶೀಟಿನ ಕೊಠಡಿ, ಮುಂದೆ ಒಂದು ಬೇವಿನ ಮರ, ಇಷ್ಟೇ ಶಾಲೆ. ಶೀಟಿನ ಕೊಠಡಿಯ ಮೂಲೆಯಲ್ಲಿ ಗಾಜಿನ ಬಾಗಿಲಿನ ಬೀರು. ಅದರ ಮೇಲಿನ ಎರಡು ಅಂಕಣದಲ್ಲಿ ಪ್ರನಾಳ, ಬೀಕರು, ಸ್ಪಿರಿಟ್ ದೀಪ. ಕೆಳಗಿನ ಅಂಕಣದಲ್ಲಿ ಹನ್ನೊಂದು ಕಲ್ಲುಗಳು. ಇವು ಇಲಾಖೆ ಕೊಟ್ಟವಲ್ಲ. ನಮ್ಮ ವಿಜ್ಞಾನದ ಮೇಷ್ಟ್ರು ತಾವೇ ಕೂಡಿಹಾಕಿದ್ದು. ಅವರಿಗೆ ರಜೆ ಬಂತೆಂದರೆ ಹೆಗಲಿಗೊಂದು ಖಾಕಿ ಚೀಲ, ಕೈಗೊಂದು ಸುತ್ತಿಗೆ. ಚೀಲದಲ್ಲಿ ಹಳೆಯ ಪತ್ರಿಕೆ ಯಾಕೆ ಒಯ್ಯುತ್ತಾರೆ ಎಂದು ನಮಗೆಲ್ಲ ಕುತೂಹಲ. ಬುತ್ತಿ ಕಟ್ಟಿಕೊಳ್ಳಲಿಕ್ಕೆ ಎಂದುಕೊಂಡಿದ್ದೆವು. ಅದು ಕಲ್ಲನ್ನು ಒಂದಕ್ಕೊಂದು ತಾಗದಂತೆ ಸುತ್ತಲಿಕ್ಕೆ. ಎಲ್ಲಿ ಸಿಕ್ಕಿತೋ ಅಲ್ಲೇ ನಿಂತು ಚೀಟಿ ಬರೆದು ಕಲ್ಲಿನ ಜೊತೆಗೇ ಸುತ್ತಬೇಕು, ಮನೆಗೆ ಬಂದು ನೆನಪಿನಿಂದ ಬರೆಯಬಾರದು ಎಂಬುದು ಅವರ ನಿಯಮ.

ಹನ್ನೊಂದರಲ್ಲಿ ಐದು ತಾಮ್ರದ ಅದಿರು. ಅವುಗಳಲ್ಲಿ ಮೂರು ನಮ್ಮ ದುರ್ಗದ ಪಕ್ಕದ ಇಂಗಳದಾಳಿನವು, ಎರಡು ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಕಲ್ಯಾಡಿಯವು. ಪ್ರತಿಯೊಂದಕ್ಕೂ ಮೈದಾ ಗೋಂದಿನಲ್ಲಿ ಅಂಟಿಸಿದ ಸಣ್ಣ ಚೀಟಿ. ಚೀಟಿಯಲ್ಲಿ ಸ್ಥಳ, ತಾರೀಖು, ಸಿಕ್ಕಿದ್ದು ನೆಲದ ಮೇಲೋ ಗುಂಡಿಯ ಒಳಗೋ, ಪಕ್ಕದ ಬಂಡೆ ಯಾವುದು. ಇಷ್ಟು ಸಣ್ಣ ಅಕ್ಷರದಲ್ಲಿ ಬರೆಯುವುದನ್ನು ಅವರಿಂದಲೇ ನೋಡಿದ್ದು.

ಇಂಗಳದಾಳಿನ ಗಣಿ ಆಗ ನಡೆಯುತ್ತಿತ್ತು. ಚಿತ್ರದುರ್ಗ ತಾಮ್ರ ಕಂಪನಿ ಎಂಬ ಹೆಸರಿನಲ್ಲಿ ಶುರುವಾದ ರಾಜ್ಯ ಸರ್ಕಾರದ ಗಣಿ ಅದು. ಮುಂದೆ ಹಟ್ಟಿ ಚಿನ್ನದ ಗಣಿ ಕಂಪನಿಯ ಕೈಗೆ ಹೋಯಿತು. ಎಂಟನೆಯ ತರಗತಿಯ ಕೊನೆಯಲ್ಲಿ ಮೇಷ್ಟ್ರು ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದರು. ಕೆಳಗೆ ಇಳಿಸಲಿಲ್ಲ, ಮೇಲಿನ ಕೆಲಸ ತೋರಿಸಿದರು. ಬಂಡೆ ಜಲ್ಲಿಯಾಗಿ, ಜಲ್ಲಿ ಗುಂಡುಗಳ ಗಿರಣಿಯಲ್ಲಿ ಹಿಟ್ಟಾಗಿ, ಆ ಹಿಟ್ಟು ನೀರಿನ ತೊಟ್ಟಿಗೆ ಬೀಳುತ್ತಿತ್ತು. ತೊಟ್ಟಿಯಲ್ಲಿ ಎಂಥದೋ ಎಣ್ಣೆ, ಔಷಧಿ ಬೆರೆಸಿ ಗಾಳಿ ಊದುತ್ತಿದ್ದರು. ನೊರೆ ಉಕ್ಕಿ ಬರುತ್ತಿತ್ತು. ತಾಮ್ರದ ಕಣಗಳು ನೊರೆಯ ಗುಳ್ಳೆಗೆ ಅಂಟಿಕೊಂಡು ಮೇಲೆ ತೇಲುತ್ತವೆ, ಬರೀ ಕಲ್ಲಿನ ಪುಡಿ ತಳಕ್ಕೆ ಕೂರುತ್ತದೆ. ಭಾರದ ಲೋಹ ತೇಲಿ, ಹಗುರದ ಕಲ್ಲು ಮುಳುಗುವುದನ್ನು ನಾವು ಕಣ್ಣಾರೆ ಕಂಡೆವು. ನೂರು ಕಿಲೋ ಅದಿರು ಅರೆದರೆ ಸಿಗುವ ತಾಮ್ರ ಒಂದು ಕಿಲೋ ಆಸುಪಾಸು ಎಂದು ಅಲ್ಲಿನವರು ಹೇಳಿದಾಗ ನನಗೆ ನಂಬಿಕೆಯೇ ಬರಲಿಲ್ಲ. ನಮ್ಮ ಬಚ್ಚಲಿನ ಹಂಡೆ ನೆನಪಾಯಿತು. ಅದೊಂದಕ್ಕೆ ಎಷ್ಟು ಗಾಡಿ ಕಲ್ಲು ಬೇಕಾಗಿತ್ತು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಬಂದೆ.

ಆ ಅದಿರಿನ ಹೆಸರು ಚಾಲ್ಕೊಪೈರೈಟ್. ತಾಮ್ರ, ಕಬ್ಬಿಣ, ಗಂಧಕ ಮೂರೂ ಕೂಡಿದ ಖನಿಜ. ಶುದ್ಧವಾಗಿದ್ದರೆ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ತಾಮ್ರ. ಆದರೆ ಅದು ಬಂಡೆಯಲ್ಲಿ ಎಳೆ ಎಳೆಯಾಗಿ, ಚುಕ್ಕೆ ಚುಕ್ಕೆಯಾಗಿ ಹರಡಿಕೊಂಡಿರುತ್ತದೆ. ಬಣ್ಣ ಹೊಸ ಹಿತ್ತಾಳೆಯದು. ಅದರ ಜೊತೆಯಲ್ಲೇ ಪೈರೈಟ್ ಇರುತ್ತದೆ, ಅದೂ ಹಳದಿಯೇ, ಆದರೆ ಸ್ವಲ್ಪ ಬಿಳಿಚಿದ ಹಳದಿ. ಎರಡನ್ನೂ ಚಿನ್ನವೆಂದು ಜೇಬಿಗೆ ಹಾಕಿಕೊಂಡ ಹುಡುಗರು ನಮ್ಮ ತರಗತಿಯಲ್ಲೇ ಇದ್ದರು. ಬೇರ್ಪಡಿಸುವ ಬಗೆಯನ್ನು ಮೇಷ್ಟ್ರು ಹೇಳಿಕೊಟ್ಟರು. ಚಾಕುವಿನ ಮೊನೆಯಿಂದ ಗೀರಿದರೆ ಚಾಲ್ಕೊಪೈರೈಟಿಗೆ ಗೀರು ಬೀಳುತ್ತದೆ, ಪೈರೈಟಿಗೆ ಬೀಳುವುದಿಲ್ಲ. ಒಡೆದ ಪಿಂಗಾಣಿ ಬಟ್ಟಲಿನ ತಳದಲ್ಲಿ, ಹೊಳಪು ಹಚ್ಚದ ಒರಟು ಜಾಗದಲ್ಲಿ ಉಜ್ಜಿದರೆ ಚಾಲ್ಕೊಪೈರೈಟ್ ಹಸಿರು ಬೆರೆತ ಕಪ್ಪು ಗೆರೆ ಬಿಡುತ್ತದೆ. ಚಿನ್ನವಾದರೆ ಗೆರೆಯೂ ಚಿನ್ನದ್ದೇ. ಅಯಸ್ಕಾಂತಕ್ಕೆ ಅಂಟುವ ಕಂಚಿನ ಬಣ್ಣದ್ದು ಇದ್ದರೆ ಅದು ಪಿರೊಟೈಟ್. ಇಷ್ಟು ಪರೀಕ್ಷೆಗೆ ಬೇಕಾದ ಸಾಮಾನು ಯಾವ ಹಳ್ಳಿಯಲ್ಲೂ ಸಿಗುತ್ತದೆ.

ಪೇಟೆಯಲ್ಲಿ ಈಗ "ನವಿಲು ಅದಿರು" ಎಂದು ನೀಲಿ, ನೇರಳೆ, ಗುಲಾಬಿ ಹೊಳೆಯುವ ಕಲ್ಲು ಮಾರುತ್ತಾರೆ. ನಿಜವಾದ ನವಿಲು ಅದಿರು ಬೋರ್ನೈಟ್ ಎಂಬ ಇನ್ನೊಂದು ತಾಮ್ರದ ಖನಿಜ, ಅದರಲ್ಲಿ ತಾಮ್ರ ಇನ್ನೂ ಹೆಚ್ಚು. ಅಂಗಡಿಯದು ಎಷ್ಟೋ ಸಲ ಆಮ್ಲದಲ್ಲಿ ಅದ್ದಿ ಬಣ್ಣ ಬರಿಸಿದ ಚಾಲ್ಕೊಪೈರೈಟ್. ನಮ್ಮ ಮಕ್ಕಳು ಅದಕ್ಕೆ ದುಡ್ಡು ಕೊಡುವ ಮೊದಲು ಇದನ್ನು ತಿಳಿದಿರಲಿ ಎಂದು ನಡುವೆ ಹೇಳಿದೆ.

ಈಗ ನನ್ನ ಕಥೆಗೆ ಬರುತ್ತೇನೆ. 1983ರ ಜನವರಿಯಲ್ಲಿ ಶಾಲಾ ತಪಾಸಣೆ ಗೊತ್ತಾಯಿತು. ಒಂಬತ್ತನೆಯ ತರಗತಿಯವರಿಗೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚಿದರು. ನನ್ನ ಪಾಲಿಗೆ ಬೀರು. ಮೇಷ್ಟ್ರು ಹೇಳಿದ್ದು "ಧೂಳು ಒರೆಸು" ಎಂದಷ್ಟೇ. ನಾನು ಒರೆಸಿದೆ. ತಾಮ್ರದ ಕಲ್ಲುಗಳ ಮೇಲೆ ಹಸಿರು ಹೊಪ್ಪಳೆಯಿತ್ತು, ಅದು ಹೋಗಲಿಲ್ಲ. ನಮ್ಮ ಮನೆಯಲ್ಲಿ ತಾಮ್ರದ ಬಿಂದಿಗೆಗೆ ಹಸಿರು ಕಟ್ಟಿದರೆ ಅವ್ವ ಅದನ್ನು ಕಿಲುಬು ಎನ್ನುತ್ತಿದ್ದಳು, ಕಿಲುಬು ಹಿಡಿದ ಪಾತ್ರೆಯ ನೀರು ಕುಡಿಯಬಾರದು, ಹುಣಸೆಹಣ್ಣು ಹಾಕಿ ಬೆಳಗಬೇಕು. ಹಾಗಾದರೆ ಕಲ್ಲಿಗೂ ಅಷ್ಟೇ ಅಲ್ಲವೇ? ಐದೂ ಕಲ್ಲನ್ನು ಚೀಲಕ್ಕೆ ಹಾಕಿ ಸಂಜೆ ಮನೆಗೆ ಒಯ್ದೆ. ಹುಣಸೆಹಣ್ಣು ಕಿವುಚಿ, ಉಪ್ಪು ಬೆರೆಸಿ, ಬೋಗುಣಿಯಲ್ಲಿ ಕಲ್ಲು ನೆನೆಹಾಕಿದೆ. ಸಣ್ಣ ಸಣ್ಣ ಗುಳ್ಳೆ ಎದ್ದವು. ರಸ ಹಸಿರಾಯಿತು. ಬೆಳಿಗ್ಗೆ ತೆಂಗಿನ ನಾರು ಹಾಕಿ ಉಜ್ಜಿ, ಬಾವಿಯ ನೀರಲ್ಲಿ ಜಾಲಿಸಿದೆ. ಹಸಿರೆಲ್ಲ ಹೋಗಿ ಹಳದಿ ಎಳೆಗಳು ಮಿಂಚಿದವು. ಚೀಟಿಗಳು ಬೋಗುಣಿಯ ತಳದಲ್ಲಿ ಮುದ್ದೆಯಾಗಿದ್ದವು. ಅವನ್ನು ಬಿಡಿಸಿ, ಒಣಗಿಸಿ, ಓದಲು ಬಂದಷ್ಟನ್ನು ಅಂದಾಜಿನ ಮೇಲೆ ಮತ್ತೆ ಅಂಟಿಸಿದೆ.

ತಪಾಸಣೆಗೆ ಬಂದ ಅಧಿಕಾರಿಗಳು ಕಲ್ಲು ನೋಡಿ ಮೆಚ್ಚಿಕೊಂಡರು. ಮೇಷ್ಟ್ರು ಅವರ ಹಿಂದೆ ನಿಂತಿದ್ದರು. ಅವರ ಮುಖ ನೋಡಿಯೇ ಏನೋ ಎಡವಟ್ಟಾಗಿದೆ ಎಂದು ನನಗೆ ತಿಳಿಯಿತು. ಎಲ್ಲರೂ ಹೋದ ಮೇಲೆ ಕರೆದರು. ಹೊಡೆಯುತ್ತಾರೆ ಎಂದುಕೊಂಡಿದ್ದೆ. ಒಂದು ಕಲ್ಲನ್ನು ಕೈಯಲ್ಲಿ ತಿರುಗಿಸುತ್ತ, "ಹಂಡೆ ಬೆಳಗಿದಂಗೆ ಬೆಳಗಿಬಿಟ್ಟೆಯಲ್ಲೋ ಮಗನೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಪಾತ್ರೆಗೆ ಅದು ಕಿಲುಬು. ಇದಕ್ಕೆ ಅದೇ ಜಾತಕ" ಎಂದರು. ಅದಕ್ಕಿಂತ ಹೆಚ್ಚು ಬೈಯಲಿಲ್ಲ. ಚೀಟಿ ಅದಲುಬದಲಾಗಿರಬಹುದು ಎಂದು ನಾನು ಹೇಳಲೇ ಇಲ್ಲ. ಅವರು ಕೇಳಲೂ ಇಲ್ಲ. ಆ ವರ್ಷದ ಬೇಸಿಗೆಯಲ್ಲಿ ಅವರಿಗೆ ವರ್ಗವಾಯಿತು.

ಆ ಮಾತಿನ ಅರ್ಥ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಇತಿಹಾಸದ ಎಂ.ಎ. ಓದುವಾಗ. ಹಸಿರು ಹೊಪ್ಪಳೆಯ ಹೆಸರು ಮಾಲಕೈಟ್. ತಾಮ್ರದ ಅದಿರು ನೆಲದ ಮೇಲ್ಮೈಗೆ ಬಂದ ಕಡೆ ಗಾಳಿ, ಮಳೆನೀರು ತಾಗಿ ಸಾವಿರಾರು ವರ್ಷಗಳಲ್ಲಿ ಹೀಗೆ ಹಸಿರಾಗುತ್ತದೆ. ಅದರಲ್ಲಿರುವ ಕಬ್ಬಿಣ ತುಕ್ಕಾಗಿ ಕೆಂಗಂದು ಬಣ್ಣದ, ತೂತುತೂತಾದ ಕಲ್ಲಾಗಿ ಮೇಲೆ ಉಳಿಯುತ್ತದೆ. ಜರ್ಮನಿಯ ಹಳೆಯ ಗಣಿಗಾರರು ಇದನ್ನು ಕಬ್ಬಿಣದ ಟೋಪಿ ಎನ್ನುತ್ತಿದ್ದರಂತೆ. ಒಳಗಿರುವ ಹಳದಿ ಅದಿರು ಹಿಂದಿನವರ ಕಣ್ಣಿಗೆ ಬಿದ್ದದ್ದಲ್ಲ. ಕುರಿ ಕಾಯುವವನಿಗೂ, ಸೌದೆ ಆರಿಸುವವಳಿಗೂ ಗುಡ್ಡದ ಮೈಮೇಲೆ ಕಂಡದ್ದು ಈ ಕೆಂಪು ಟೋಪಿ, ಅದರ ಅಂಚಿನ ಈ ಹಸಿರು. ಅಷ್ಟೇ ಅಲ್ಲ, ಮೊದಮೊದಲು ಕರಗಿಸಲು ಸುಲಭವಾದದ್ದೂ ಹಸಿರೇ. ಅದನ್ನು ಇದ್ದಿಲಿನ ಜೊತೆ ಕುಲುಮೆಗೆ ಹಾಕಿ ತಿದಿ ಒತ್ತಿದರೆ ನೇರವಾಗಿ ತಾಮ್ರ ಬಿಡುತ್ತದೆ. ಹಳದಿ ಅದಿರಾದರೆ ಮೊದಲು ಗಂಧಕವೆಲ್ಲ ಹೋಗುವಂತೆ ಬಯಲಲ್ಲಿ ಸುಡಬೇಕು, ಆಮೇಲೆ ಮತ್ತೆ ಮತ್ತೆ ಕರಗಿಸಬೇಕು. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹಸಿರು ಕಲ್ಲಿನಿಂದ ಹಳದಿ ಕಲ್ಲಿಗೆ ಬರಲು ಮನುಷ್ಯ ಎಷ್ಟೋ ತಲೆಮಾರು ತೆಗೆದುಕೊಂಡ. ಆ ಮೊದಲ ಗುರುತನ್ನೇ ನಾನು ಹುಣಸೆಹಣ್ಣಿನಲ್ಲಿ ತೊಳೆದು ಬಚ್ಚಲಿಗೆ ಚೆಲ್ಲಿದ್ದೆ.

ಕಲ್ಲಿನ ಜಾತಕ ಇನ್ನೂ ಹಿಂದಕ್ಕೆ ಹೋಗುತ್ತದೆ. ನಮ್ಮ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಪೇರಿಸಿಟ್ಟಂತೆ ಕಾಣುವ ಬಂಡೆಗಳಿವೆ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ್ದಾರೆ. ಜ್ವಾಲಾಮುಖಿಯ ಲಾವಾ ಸಮುದ್ರದ ನೀರಿನೊಳಗೆ ಉಕ್ಕಿದಾಗ ಹಾಗೆ ದಿಂಬುದಿಂಬಾಗಿ ಗಟ್ಟಿಯಾಗುತ್ತದೆ. ಅಂದರೆ ಹನಿ ನೀರಿಗೆ ಬಾಯಿಬಿಡುವ ನಮ್ಮ ದುರ್ಗದ ಸೀಮೆ 250 ಕೋಟಿ ವರ್ಷಗಳಿಗೂ ಹಿಂದೆ ಕಡಲಿನ ತಳವಾಗಿತ್ತು. ಇಂಗಳದಾಳಿನ ತಾಮ್ರವೂ ಅಂಥ ಲಾವಾ ಬಂಡೆಗಳ ಸಾಲಿನಲ್ಲಿಯೇ ಇದೆ. ಕಡಲ ತಳದ ಬಿಸಿನೀರ ಬುಗ್ಗೆಗಳು ಲೋಹವನ್ನು ಹೊತ್ತು ತಂದು ಅಲ್ಲಿ ಬಿಟ್ಟವು ಎನ್ನುತ್ತಾರೆ ಭೂವಿಜ್ಞಾನಿಗಳು. ಆದ್ದರಿಂದಲೇ ತಿಳಿದವರು ಅದಿರನ್ನು ಆಯುವಾಗ ಹೊಳೆಯುವ ಭಾಗವನ್ನಷ್ಟೇ ಒಡೆದು ತರುವುದಿಲ್ಲ. ಅದಕ್ಕೆ ಅಂಟಿಕೊಂಡಿರುವ ತಾಯಿಬಂಡೆಯ ಚೂರನ್ನೂ ಉಳಿಸಿಕೊಂಡು ತರುತ್ತಾರೆ. ಬರೀ ಹೊಳಪಿನ ತುಂಡು ಯಾವ ಊರಿನದಾದರೂ ಆಗಬಹುದು.

ಇನ್ನು ಶಾತವಾಹನರ ವಿಷಯ. ಸಮಿತಿಯವರ ತಲೆಬರಹ ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಇಂಗಳದಾಳಿನಲ್ಲಿ ಈಚಿನ ಗಣಿಗಿಂತ ಮೊದಲೇ ಹಳಬರು ತೋಡಿದ ಗುಂಡಿಗಳಿದ್ದವು. ನಮ್ಮ ರಾಜ್ಯದಲ್ಲಿ ಗಣಿ ಹುಡುಕಿ ಹೊರಟವರು ಬಹುಮಟ್ಟಿಗೆ ಇಂಥ ಹಳೆಯ ಗುಂಡಿಗಳ ಜಾಡು ಹಿಡಿದೇ ಹೋದವರು. ಕೋಲಾರದಲ್ಲೂ ಹಾಗೆ, ಹಟ್ಟಿಯಲ್ಲೂ ಹಾಗೆ. ದುರ್ಗದ ಬೆಟ್ಟದ ಮಗ್ಗುಲಿನ ಚಂದ್ರವಳ್ಳಿಯಲ್ಲಿ 1929ರಲ್ಲಿ ಎಂ.ಎಚ್. ಕೃಷ್ಣ ಅವರು, 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಅಗೆದಾಗ ಶಾತವಾಹನರ ನಾಣ್ಯಗಳು ಸಿಕ್ಕವು. ರೋಮಿನ ಬೆಳ್ಳಿ ನಾಣ್ಯಗಳೂ ಅಲ್ಲಿ ದೊರೆತಿವೆ. ಪಟ್ಟಣ ಇಲ್ಲಿ, ತಾಮ್ರದ ಗುಡ್ಡ ಹತ್ತಿರದಲ್ಲೇ ಅಲ್ಲಿ. ಎರಡರ ನಡುವೆ ಗೆರೆ ಎಳೆಯಲು ಕೈ ತುರಿಸುತ್ತದೆ. ಆದರೆ ಹತ್ತಿರ ಇದ್ದ ಮಾತ್ರಕ್ಕೆ ನೆಂಟರಾಗುವುದಿಲ್ಲ. ಹಟ್ಟಿಯ ಹಳೆಯ ಸುರಂಗದೊಳಗೆ ಸಿಕ್ಕ ಮರದ ತುಂಡುಗಳನ್ನು ರೇಡಿಯೋ ಕಾರ್ಬನ್ ವಿಧಾನದಿಂದ ಪರೀಕ್ಷಿಸಿ, ಅಲ್ಲಿ ಸುಮಾರು 2000 ವರ್ಷಗಳ ಹಿಂದೆಯೇ ಆಳಕ್ಕೆ ಇಳಿದು ಚಿನ್ನ ತೆಗೆದಿದ್ದಾರೆಂದು ತೋರಿಸಿದ್ದಾರೆ. ಗಣಿಯ ಕಾಲ ಹೇಳಬೇಕಾದರೆ ಅಂಥದೊಂದು ಸಾಕ್ಷಿ ಬೇಕು: ಗುಂಡಿಯೊಳಗಿನ ಮರ, ಇದ್ದಿಲು, ಕುಲುಮೆಯ ಕಿಟ್ಟ, ಮಡಕೆಯ ಚೂರು. ನಮ್ಮ ಬೀರುವಿನ ಕಲ್ಲು ಆ ಸಾಕ್ಷಿ ಹೇಳುವುದಿಲ್ಲ. ಅದನ್ನು ಬಾಯಿಬಿಡಿಸುವ ಚೀಟಿಯೂ ಈಗ ನಂಬುವಂಥದ್ದಲ್ಲ.

ತಾಮ್ರ ನಮ್ಮ ಜಿಲ್ಲೆಗೆ ಶಾತವಾಹನರಿಗಿಂತ ಹಳೆಯ ಪರಿಚಯ ಎನ್ನುವುದಕ್ಕೆ ಬೇರೆ ಆಧಾರವಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು ನಾವೆಲ್ಲ ಅಶೋಕನ ಶಾಸನದಿಂದ ಬಲ್ಲೆವು. ಬಿ.ಎಲ್. ರೈಸ್ ಅವರು 1892ರಲ್ಲಿ ಅದನ್ನು ಬೆಳಕಿಗೆ ತಂದರು. ಅದೇ ಊರಿನಲ್ಲಿ ವೀಲರ್ 1947ರಲ್ಲಿ ಅಗೆದಾಗ, ಅಶೋಕನಿಗೂ ಬಹಳ ಹಿಂದಿನ ಕಲ್ಲುಕೊಡಲಿಯ ಜನರ ಪದರಗಳಲ್ಲಿ ತಾಮ್ರ-ಕಂಚಿನ ಕೆಲವೇ ಕೆಲವು ವಸ್ತುಗಳು ಸಿಕ್ಕವು. ಕಲ್ಲನ್ನು ಅರೆದು ಕೊಡಲಿ ಮಾಡಿಕೊಳ್ಳುತ್ತಿದ್ದ ಮನೆಯಲ್ಲಿ ಒಂದು ಚೂರು ತಾಮ್ರ ಎಷ್ಟು ಬೆಲೆಯದಾಗಿದ್ದಿರಬೇಕು! ಕಳೆದುಕೊಂಡ ಹೆಂಗಸು ಎಷ್ಟು ದಿನ ಹುಡುಕಿರಬೇಕು ಎಂದು ನಾನು ಪಾಠ ಮಾಡುವಾಗೆಲ್ಲ ಹೇಳುತ್ತಿದ್ದೆ. ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ ಅದು, ಆದರೂ ಮಕ್ಕಳು ನೆನಪಿಟ್ಟುಕೊಂಡದ್ದು ಅದನ್ನೇ.

ಗೆರೆ ಎಳೆಯುವ ಆತುರ ನನಗೂ ಇತ್ತು ಎಂಬುದಕ್ಕೆ ಇದೇ ಶಾಲೆಯ ಗೋಡೆಪತ್ರಿಕೆ ಸಾಕ್ಷಿ. ಕಲ್ಲು ತೊಳೆಯುವುದಕ್ಕೆ ಕೆಲವು ತಿಂಗಳು ಮೊದಲು ನಾನು ಅದರಲ್ಲಿ "ಟಿಪ್ಪುವಿನ ಆನೆಕಾಸು ಮತ್ತು ಇಂಗಳದಾಳ್" ಎಂಬ ಲೇಖನ ಬರೆದಿದ್ದೆ. ನಮ್ಮ ಅಜ್ಜಿಯ ಹತ್ತಿರ ಆನೆಯ ಚಿತ್ರದ ತಾಮ್ರದ ಕಾಸೊಂದು ಇತ್ತು. ಟಿಪ್ಪು ಸುಲ್ತಾನ್ ಚಿತ್ರದುರ್ಗಕ್ಕೆ ಫರ್ರುಖ್‌ಯಾಬ್ ಹಿಸಾರ್ ಎಂದು ಹೆಸರಿಟ್ಟು ಇಲ್ಲಿ ಟಂಕಸಾಲೆ ನಡೆಸಿದ್ದು, ತಾಮ್ರದ ಕಾಸು ಹೊಡೆಸಿದ್ದು ನಿಜ. ಅದನ್ನು ಓದಿ ನಾನು, ದುರ್ಗದಲ್ಲಿ ಕಾಸು, ಪಕ್ಕದಲ್ಲೇ ತಾಮ್ರ, ಆದ್ದರಿಂದ ಕಾಸಿನ ತಾಮ್ರ ಇಂಗಳದಾಳಿನದೇ ಎಂದು ಘಂಟಾಘೋಷವಾಗಿ ಬರೆದುಬಿಟ್ಟೆ. ಮೇಷ್ಟ್ರು ಆ ವಾಕ್ಯದ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು "ಯಾರು ನೋಡಿದವರು?" ಎಂದು ಬರೆದಿದ್ದರು. ನನಗೆ ಸಿಟ್ಟು ಬಂದಿತ್ತು.

ಮುಂದೆ ತಿಳಿದು ಬೆರಗಾದದ್ದು ಇದು. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯವರು ಜಪಾನಿನ ನಾಗಸಾಕಿ ಬಂದರಿನಿಂದ ತಾಮ್ರದ ಕಡ್ಡಿಗಳನ್ನು ಹಡಗಿಗೆ ಹೇರಿ ಕೋರಮಂಡಲ, ಮಲಬಾರು ಕರಾವಳಿಗಳಿಗೆ ತರುತ್ತಿದ್ದರು. ನಮ್ಮ ದೇಶದಲ್ಲಿ ಅದಕ್ಕೆ ದೊಡ್ಡ ಬೇಡಿಕೆ, ಕಾಸಿಗೂ ಬೇಕು, ಪಾತ್ರೆಗೂ ಬೇಕು. ನಮ್ಮಜ್ಜಿಯ ಆನೆಕಾಸಿನ ತಾಮ್ರ ಹೀಗೆ ಕಡಲು ದಾಟಿ ಬಂದದ್ದೂ ಆಗಿರಬಹುದು, ಯಾವುದೋ ಹಳೆಯ ಹಂಡೆ ಕರಗಿಸಿದ್ದೂ ಆಗಿರಬಹುದು. ತಾಮ್ರಕ್ಕೆ ಇದೊಂದು ಗುಣ. ಎಷ್ಟು ಸಲ ಬೇಕಾದರೂ ಕರಗಿ ಹೊಸ ರೂಪ ತಾಳುತ್ತದೆ, ಕರಗಿದಾಗಲೆಲ್ಲ ಹಳೆಯದನ್ನು ಮರೆಯುತ್ತದೆ. ಕಾಸು ನೋಡಿ ಗಣಿ ಹೇಳುವುದು ಬರಿಗಣ್ಣಿನ ಕೆಲಸವಲ್ಲ.

ರೂಪ ಉಳಿಸಿಕೊಂಡ ತಾಮ್ರವೆಂದರೆ ಶಾಸನಗಳದು. ಗಂಗರ, ಕದಂಬರ ತಾಮ್ರಪಟಗಳು ಬಳೆಯಲ್ಲಿ ಪೋಣಿಸಿ, ಮುದ್ರೆ ಹಾಕಿ, ದಾನ ಪಡೆದವರ ಮನೆಯಲ್ಲಿ ಆಸ್ತಿಪತ್ರದಂತೆ ಉಳಿದು ಬಂದವು. ಎಷ್ಟೋ ಪಟಗಳು ಹೊಲ ಉಳುವಾಗ ನೇಗಿಲಿಗೆ ಸಿಕ್ಕವು. ಅಲ್ಲೂ ಮೋಸವಿತ್ತು. ಭೂಮಿಯ ಆಸೆಗೆ ಹಿಂದಿನ ರಾಜನ ಹೆಸರಿನಲ್ಲಿ ಆಮೇಲೆ ಕೆತ್ತಿಸಿದ ಕೂಟಶಾಸನಗಳು ಇವೆ. ಗಂಗರ ತಾಮ್ರಪಟಗಳಲ್ಲಿ ಯಾವುದು ಅಸಲಿ, ಯಾವುದು ಕೂಟ ಎಂದು ಜೆ.ಎಫ್. ಫ್ಲೀಟ್ ಮತ್ತು ರೈಸ್ ಅವರ ನಡುವೆ ವರ್ಷಗಟ್ಟಲೆ ವಾದ ನಡೆಯಿತು. ತಾಮ್ರದ ಮೇಲೆ ಬರೆದಿದೆ ಎಂದ ಮಾತ್ರಕ್ಕೆ ಫ್ಲೀಟ್ ಒಪ್ಪಲಿಲ್ಲ. ಲಿಪಿ ಯಾವ ಕಾಲದ್ದು, ತಿಥಿ ಹೊಂದುತ್ತದೆಯೇ ಎಂದು ಕೆದಕಿದರು. ಸಮಿತಿಯವರು ಬರೆಸಲು ಹೊರಟ ಬೋರ್ಡೂ ಒಂದು ಶಾಸನವೇ. ಐವತ್ತು ವರ್ಷ ಕಳೆದ ಮೇಲೆ, ಶತಮಾನೋತ್ಸವಕ್ಕೆ ಬರುವ ಹುಡುಗಿಯೊಬ್ಬಳು ಅದನ್ನು ಆಧಾರವೆಂದು ಬರೆದುಕೊಳ್ಳುತ್ತಾಳೆ.

ಕಳೆದ ಭಾನುವಾರ ಶಾಲೆಗೆ ಹೋಗಿದ್ದೆ. ಹೆಂಚಿನ ಕೊಠಡಿಗಳು ಈಗಿಲ್ಲ. ಬೇವಿನ ಮರ ಇದೆ, ಬೀರು ಇದೆ. ಗಾಜಿನ ಒಂದು ಬಾಗಿಲು ಒಡೆದು ರಟ್ಟು ಹೊಡೆದಿದ್ದಾರೆ. ಕೆಳಗಿನ ಅಂಕಣದಲ್ಲಿ ಹನ್ನೊಂದರ ಪೈಕಿ ಏಳು ಕಲ್ಲು ಉಳಿದಿವೆ, ತಾಮ್ರದವು ನಾಲ್ಕು. ಸಣ್ಣ ಡಬ್ಬಿಯೊಂದರಲ್ಲಿ ಬಿಳಿ ಪುಡಿ ಇತ್ತು. ನನಗೆ ನೆನಪಿರುವಂತೆ ಅದರಲ್ಲಿದ್ದದ್ದು ನೀಲಿ ಹರಳು, ಮೈಲುತುತ್ತ. ಮೈಲುತುತ್ತವೂ ತಾಮ್ರದ ಖನಿಜವಾಗಿ ಗಣಿಯ ಗೋಡೆಗಳಲ್ಲಿ ಜಿನುಗಿ ಹರಳುಗಟ್ಟುತ್ತದೆ, ನೀರು ತಾಗಿದರೆ ಕರಗುತ್ತದೆ, ತೀರಾ ಒಣಗಿದರೆ ಬಣ್ಣ ಕಳೆದುಕೊಂಡು ಪುಡಿಯಾಗುತ್ತದೆ. ಅಡಿಕೆ ತೋಟದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೈಸೂರು ಸರ್ಕಾರದ ಕೃಷಿ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯಲು ಮಲೆನಾಡಿಗೆ ಕಲಿಸಿದ್ದು ಇದನ್ನೇ. ಡಬ್ಬಿಯ ಮುಚ್ಚಳ ಯಾರೋ ಸಡಿಲ ಬಿಟ್ಟಿದ್ದಾರೆ. ಅದು ನಾನಲ್ಲ.

ನಾಲ್ಕು ಕಲ್ಲನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹಳದಿ ಎಳೆಗಳು ಈಗ ಮಂಕಾಗಿ ಅಲ್ಲಲ್ಲಿ ನೀಲಿಗಟ್ಟಿವೆ. ಒಂದು ಕಲ್ಲಿನ ಬೆನ್ನಿನಲ್ಲಿ ಸಣ್ಣ ಸಂದು, ನಾರು ಹೋಗದಷ್ಟು ಇಕ್ಕಟ್ಟಿನದು. ಅದರೊಳಗೆ ಸಾಸಿವೆ ಕಾಳಿನಷ್ಟು ಹಸಿರು ಉಳಿದಿದೆ. ನನ್ನ ಹುಣಸೆಹಣ್ಣು ಅಲ್ಲಿಗೆ ಮುಟ್ಟಿಲ್ಲ. ಅದೇ ಕಲ್ಲಿಗೆ ಹಸಿರುಛಾಯೆಯ ಬೂದು ಲಾವಾ ಬಂಡೆಯ ಚೂರು ಅಂಟಿಕೊಂಡಿದೆ. ಚೀಟಿ ಮಾತ್ರ ಕಲ್ಯಾಡಿ ಎನ್ನುತ್ತದೆ. ಬಂಡೆ ನೋಡಿದರೆ ನನಗೆ ಇಂಗಳದಾಳಿನದು ಅನ್ನಿಸುತ್ತದೆ, ಆದರೆ ನನ್ನ ಅನ್ನಿಸಿಕೆಯನ್ನು ಚೀಟಿಯ ಮೇಲೆ ಬರೆದು ಒಮ್ಮೆ ಕೆಟ್ಟಾಗಿದೆ. ಕಲ್ಲಿನ ತೆಳು ಚಕ್ಕೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಂಡೆಯ ಜಾತಿ ತಿಳಿಯುತ್ತದೆ. ಭೂವಿಜ್ಞಾನ ವಿಭಾಗವಿರುವ ಯಾವುದಾದರೂ ಕಾಲೇಜಿಗೆ ಒಯ್ದು ತೋರಿಸಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ.

ಖನಿಜ ಸಂಗ್ರಹಿಸುವವರಲ್ಲಿ ಒಂದು ಒಳ್ಳೆಯ ರೂಢಿ ಇದೆ. ಹಳೆಯ ಚೀಟಿ ತಪ್ಪಾಗಿದ್ದರೂ ಹರಿದು ಎಸೆಯುವುದಿಲ್ಲ. ಅದನ್ನು ಹಾಗೆಯೇ ಇಟ್ಟು, ಹೊಸ ಚೀಟಿಯಲ್ಲಿ ಯಾರು, ಯಾವಾಗ, ಯಾಕೆ ತಿದ್ದಿದರು ಎಂದು ಬರೆದು ಜೊತೆಗಿಡುತ್ತಾರೆ. ನಾನೂ ಹಾಗೆ ಮಾಡಿದೆ. ಮೇಷ್ಟ್ರ ಅಕ್ಷರ ಇರುವ ನಾಲ್ಕು ಚೀಟಿಗಳನ್ನು ಲಕೋಟೆಯಲ್ಲಿ ಹಾಕಿದೆ, ಎರಡರಲ್ಲಿ ತಾರೀಖು ಇನ್ನೂ ಓದಲು ಬರುತ್ತದೆ.

ಇಂಗಳದಾಳಿನ ತಾಮ್ರದ ಕೆಲಸ ನಿಂತು ಬಹಳ ವರ್ಷವಾಯಿತು. ಈ ಲೇಖನ ಓದಿ ಮಕ್ಕಳು ಕಲ್ಲು ಆಯಲು ಅಲ್ಲಿಗೆ ಓಡಬಾರದು. ಬಿಟ್ಟುಹೋದ ಗಣಿಯ ನೆಲ ಎಲ್ಲಿ ಕುಸಿಯುತ್ತದೆಂದು ಹೇಳಲು ಬಾರದು, ಹೇಳಿಕೇಳಿ ಹೋಗಬೇಕಾದ ಜಾಗ ಅದು. ಬಾವಿ ತೋಡಿದ ಮಣ್ಣು, ರಸ್ತೆಗೆ ಸುರಿದ ಜಲ್ಲಿಯಲ್ಲೇ ನೋಡುವುದಕ್ಕೆ ಸಾಕಷ್ಟಿದೆ. ಚೀಟಿ ಬರೆಯುವ ಅಭ್ಯಾಸವನ್ನು ಅಲ್ಲಿಂದಲೇ ಶುರು ಮಾಡಬಹುದು.

ಪ್ರದರ್ಶನದ ಬೋರ್ಡಿಗೆ ನಾನು ಬರೆದುಕೊಟ್ಟ ಸಾಲು ಹೀಗಿದೆ: "ತಾಮ್ರದ ಅದಿರು, ಚಾಲ್ಕೊಪೈರೈಟ್, ನಾಲ್ಕು ಕಲ್ಲು. ಈ ಶಾಲೆಯ ಮೊದಲ ವಿಜ್ಞಾನ ಶಿಕ್ಷಕರು ಸಂಗ್ರಹಿಸಿದ್ದು. ಇಂಗಳದಾಳ್ ಅಥವಾ ಕಲ್ಯಾಡಿ. 1983ರಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ ಹುಣಸೆಹಣ್ಣಿನಿಂದ ತೊಳೆದಿದ್ದಾನೆ. ತೊಳೆಯಬೇಡಿ." ಸಮಿತಿಯವರು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಬ್ಬರು, "ಆ ಹುಡುಗನ ಹೆಸರು ಹಾಕಬೇಕೇನ್ರೀ?" ಎಂದು ಕೇಳಿದರು. ಹಾಕಿ ಎಂದೆ.